ಅರಮನೆಯ ಸಂಬಳ, ಮೈದಾನದ ದುಡಿಮೆ: ಬರೋಡಾ ಸಂಸ್ಥಾನದ ಕ್ರಿಕೆಟಿಗರು

ಆಟವಾಡಿ ಹಣ ಪಡೆದು ಅದರಿಂದಲೇ ಜೀವನ ಸಾಗಿಸುವವನನ್ನು ವೃತ್ತಿಪರ ಆಟಗಾರನೆಂದೂ, ಸಂತೋಷಕ್ಕಾಗಿ ಮಾತ್ರ ಆಡುವವನನ್ನು ಹವ್ಯಾಸಿಯೆಂದೂ ಕರೆಯುವ ರೂಢಿ ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962ರವರೆಗೂ ಅಧಿಕೃತವಾಗಿ ಜಾರಿಯಲ್ಲಿತ್ತು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಅಲ್ಲಿ ಆಟಗಾರನಿಗೆ ಆಟದ ಕೂಲಿಯೆಂದು ಹಣ ಕೊಡುತ್ತಿರಲಿಲ್ಲ. ಸೇನೆಯಲ್ಲೋ ಅರಮನೆಯಲ್ಲೋ ಇಲಾಖೆಯೊಂದರಲ್ಲೋ ಅವನಿಗೊಂದು ಹುದ್ದೆ ದೊರೆಯುತ್ತಿತ್ತು, ಹುದ್ದೆಯ ಸಂಬಳದಿಂದ ಮನೆ ನಡೆಯುತ್ತಿತ್ತು, ಅವನ ನಿಜವಾದ ಕೆಲಸ ಮೈದಾನದಲ್ಲಿರುತ್ತಿತ್ತು. ಸಿ.ಕೆ. ನಾಯುಡು ಅವರ ಹೆಸರಿನ ಹಿಂದೆ ನಿಂತ ಕರ್ನಲ್ ಎಂಬ ಪದವಿ ಇಂದೋರಿನ ಹೋಳ್ಕರ್ ಸೇನೆಯದು. ಗುಜರಾತಿನ ನೆಲದಲ್ಲಿ ಇದೇ ಏರ್ಪಾಡು ಬಲವಾಗಿ ಬೇರೂರಿದ್ದು ಗಾಯಕವಾಡರ ಬರೋಡಾದಲ್ಲಿ, ಎಂದರೆ ಇಂದಿನ ವಡೋದರಾದಲ್ಲಿ.

ಈ ವ್ಯವಸ್ಥೆಯ ಒಳಗನ್ನು ತಿಳಿಯಲು ವಿಜಯ್ ಹಜಾರೆಯವರ ವೃತ್ತಿಜೀವನಕ್ಕಿಂತ ಒಳ್ಳೆಯ ದಾರಿಯಿಲ್ಲ. 1915ರ ಮಾರ್ಚ್ 11ರಂದು ಸಾಂಗ್ಲಿಯಲ್ಲಿ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದ ಅವರನ್ನು ಬೆಳೆಸಿದವರಲ್ಲಿ, ವಿಜಯಪುರ ಜಿಲ್ಲೆಗೆ ತಾಗಿಕೊಂಡಿರುವ, ಇಂದಿಗೂ ಕನ್ನಡದ ಹಳ್ಳಿಗಳಿರುವ ಜತ್ತ ಸಂಸ್ಥಾನದ ಅರಸರೂ ಸೇರಿದ್ದರು. ಆಸ್ಟ್ರೇಲಿಯದ ಪ್ರಸಿದ್ಧ ಲೆಗ್ ಸ್ಪಿನ್ನರ್ ಕ್ಲಾರಿ ಗ್ರಿಮೆಟ್ ಅವರಿಂದ ಹಜಾರೆಯವರಿಗೆ ಪಾಠ ದೊರೆತದ್ದು ಆ ಆಶ್ರಯದಿಂದಲೇ. ಮಹಾರಾಷ್ಟ್ರ ಮತ್ತು ಸೆಂಟ್ರಲ್ ಇಂಡಿಯಾ ತಂಡಗಳಿಗೆ ಆಡಿದ ಅವರು 1941ರಲ್ಲಿ ಬರೋಡಾಕ್ಕೆ ಬಂದರು. ಅನಂತರ ಬೇರೆ ಊರನ್ನು ತಮ್ಮದೆನ್ನಲಿಲ್ಲ, 2004ರ ಡಿಸೆಂಬರ್ 18ರಂದು ತೀರಿಕೊಂಡದ್ದೂ ವಡೋದರಾದಲ್ಲೇ.

ಹಜಾರೆ ಬರೋಡಾಕ್ಕೆ ಬಂದಾಗ ಪ್ರತಾಪಸಿಂಹರಾವ್ ಗಾಯಕವಾಡರು ಪಟ್ಟದಲ್ಲಿದ್ದರು. ಲಾಹೋರಿನಲ್ಲಿ ಹುಟ್ಟಿದ ಗುಲ್ ಮಹಮದ್ ಮತ್ತು ಅಮೀರ್ ಇಲಾಹಿ, ಪುಣೆಯಲ್ಲಿ ಹುಟ್ಟಿದ ಹೇಮು ಅಧಿಕಾರಿ, ನಾಯುಡು ಅವರ ತಮ್ಮ ಸಿ.ಎಸ್. ನಾಯುಡು ಹೀಗೆ ದೂರದೂರದ ಆಟಗಾರರು ಬರೋಡಾ ತಂಡದಲ್ಲಿ ಕೂಡಿಬಂದರು. 1942-43ರಲ್ಲಿ ಹೈದರಾಬಾದನ್ನು ಸೋಲಿಸಿ ಬರೋಡಾ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. 1946-47ರ ಫೈನಲ್ಲಿನಲ್ಲಿ ಎದುರಾಳಿಯಾಗಿ ಬಂದ ಹೋಳ್ಕರ್ ತಂಡವೂ ಇಂಥದೇ ಆಶ್ರಯದ ಕೂಸು. ಅದರ ಬಲವೇನೆಂಬುದನ್ನು ಹಿಂದಿನ ವರ್ಷವಷ್ಟೇ ಮೈಸೂರು ತಂಡ ಅನುಭವಿಸಿತ್ತು, ಆರು ಮಂದಿ ಶತಕ ಹೊಡೆದ ಒಂದೇ ಇನಿಂಗ್ಸಿನಲ್ಲಿ ಹೋಳ್ಕರ್ 8 ವಿಕೆಟ್ಟಿಗೆ 912 ರನ್ ಗಳಿಸಿತ್ತು. ಅಂಥ ತಂಡವನ್ನು ಬರೋಡಾ 202ಕ್ಕೆ ಮುಗಿಸಿತು. ಆಮೇಲೆ ತನ್ನ ಮೂರು ವಿಕೆಟ್ 91ಕ್ಕೆ ಬಿದ್ದಾಗ ಒಂದಾದ ಹಜಾರೆ ಮತ್ತು ಗುಲ್ ಮಹಮದ್ 577 ರನ್ನುಗಳ ಜೊತೆಯಾಟ ಕಟ್ಟಿದರು. ಗುಲ್ ಮಹಮದ್ 319, ಹಜಾರೆ 288. ಬರೋಡಾ 784 ರನ್ ಗಳಿಸಿ, ಇನಿಂಗ್ಸ್ ಮತ್ತು 409 ರನ್ನುಗಳಿಂದ ಗೆದ್ದಿತು. ಯಾವುದೇ ವಿಕೆಟ್ಟಿಗೆ ಪ್ರಥಮ ದರ್ಜೆ ಕ್ರಿಕೆಟ್ಟಿನ ಅತಿ ದೊಡ್ಡ ಜೊತೆಯಾಟವಾಗಿ ಅದು 2006ರಲ್ಲಿ ಶ್ರೀಲಂಕಾದ ಸಂಗಕ್ಕಾರ ಮತ್ತು ಜಯವರ್ಧನೆ 624 ರನ್ ಸೇರಿಸುವವರೆಗೆ ಉಳಿಯಿತು. ಕೆಲವೇ ತಿಂಗಳಲ್ಲಿ ದೇಶ ವಿಭಜನೆಯಾಯಿತು. ಗುಲ್ ಮಹಮದ್, ಅಮೀರ್ ಇಲಾಹಿ ಇಬ್ಬರೂ ಭಾರತಕ್ಕೂ ಮುಂದೆ ಪಾಕಿಸ್ತಾನಕ್ಕೂ ಟೆಸ್ಟ್ ಆಡಿದರು.

ಇಂಥ ಸಾಧನೆಗಳನ್ನು ಅರಸರ ಔದಾರ್ಯದ ಕಥೆಗಳಾಗಿ ಹೇಳುವ ವಾಡಿಕೆ ಕ್ರಿಕೆಟ್ ಇತಿಹಾಸದಲ್ಲಿದೆ. ಅವುಗಳ ಹಿಂದಿದ್ದದ್ದು ದುಡಿಮೆ, ಮತ್ತು ಆ ದುಡಿಮೆಯ ಷರತ್ತುಗಳನ್ನು ನಿರ್ಧರಿಸುತ್ತಿದ್ದವರು ಆಟಗಾರರಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಇದೇ ಕಾಲದ ಐರಿಷ್ ಫುಟ್ಬಾಲಿಗನೊಬ್ಬನನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಡಬ್ಲಿನ್ನಿನ ಜಾನಿ ಕ್ಯಾರಿ 1936ರಲ್ಲಿ ಸಮುದ್ರ ದಾಟಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಸೇರಿ, 1948ರಲ್ಲಿ ಅದರ ನಾಯಕರಾಗಿ ಎಫ್.ಎ. ಕಪ್ ಗೆದ್ದರು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ 1961ರವರೆಗೆ ವೇತನಕ್ಕೆ ಮಿತಿಯಿತ್ತು, ಒಪ್ಪಂದ ಮುಗಿದರೂ ಆಟಗಾರನನ್ನು ಬಿಟ್ಟುಕೊಡದೆ ಹಿಡಿದಿಡುವ ಹಕ್ಕು ಕ್ಲಬ್ಬಿಗಿತ್ತು. ಆದರೂ ಅದು ಬರಹದಲ್ಲಿದ್ದ ಒಪ್ಪಂದ, ಅದರ ವಿರುದ್ಧ ಆಟಗಾರರು ಸಂಘ ಕಟ್ಟಿ ವಾದಿಸಬಹುದಿತ್ತು. ಸಂಸ್ಥಾನದ ಆಟಗಾರನಿಗೆ ಅರಸನ ಮನಸ್ಸೇ ಒಪ್ಪಂದವಾಗಿತ್ತು.

ಸ್ವತಂತ್ರ ಭಾರತದಲ್ಲೂ ಈ ಅಭದ್ರತೆ ಮುಂದುವರಿಯಿತು ಎಂಬುದಕ್ಕೆ ಜಾಮನಗರದಲ್ಲಿ ಹುಟ್ಟಿ, ಗುಜರಾತ್ ತಂಡಕ್ಕೂ ಆಡಿದ್ದ ವಿನೂ ಮಂಕಡ್ ಸಾಕ್ಷಿ. 1952ರ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ತಮಗೆ ಸ್ಥಾನವಿದೆಯೆಂಬ ಭರವಸೆ ಭಾರತದ ಕ್ರಿಕೆಟ್ ಮಂಡಳಿಯಿಂದ ಸಿಗದಿದ್ದಾಗ ಅವರು ಲ್ಯಾಂಕಾಶೈರ್ ಲೀಗಿನ ಹ್ಯಾಸ್ಲಿಂಗ್ಡನ್ ಕ್ಲಬ್ಬಿನ ಕೆಲಸ ಒಪ್ಪಿಕೊಂಡರು. ಆ ಕ್ಲಬ್ ಬಿಟ್ಟುಕೊಟ್ಟ ಮೇಲೆ ಲಾರ್ಡ್ಸ್ ಟೆಸ್ಟಿನಲ್ಲಿ ಹಜಾರೆಯವರ ನಾಯಕತ್ವದಲ್ಲಿ 72 ಮತ್ತು 184 ರನ್ ಹೊಡೆದು, ಐದು ವಿಕೆಟ್ಟನ್ನೂ ಪಡೆದರು. ದುಡಿಯುವ ಆಟಗಾರನ ಬೇಡಿಕೆ ಅಹಂಕಾರವಾಗಿರಲಿಲ್ಲ, ನ್ಯಾಯವಾಗಿತ್ತು.

1949ರ ಮೇ 1ರಂದು ಬರೋಡಾ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನ ಅಳಿದರೂ ತಂಡ ಉಳಿಯಿತು; 1949-50ರಲ್ಲಿಯೂ, ದತ್ತಾಜಿರಾವ್ ಗಾಯಕವಾಡರ ನಾಯಕತ್ವದಲ್ಲಿ 1957-58ರಲ್ಲಿಯೂ ಅದು ರಣಜಿ ಟ್ರೋಫಿ ಗೆದ್ದಿತು. ಹಜಾರೆ ಭಾರತದ ನಾಯಕರಾಗಿ 1952ರ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡನ್ನು ಸೋಲಿಸಿ ದೇಶಕ್ಕೆ ಮೊದಲ ಟೆಸ್ಟ್ ಗೆಲುವನ್ನು ತಂದರು. ಆಡಿದ 30 ಟೆಸ್ಟುಗಳಲ್ಲಿ 7 ಶತಕಗಳೊಂದಿಗೆ 2192 ರನ್ ಗಳಿಸಿದರು. 1960ರಲ್ಲಿ ಪದ್ಮಶ್ರೀ ಗೌರವ ಅವರ ಜೊತೆಗೆ ಅಹಮದಾಬಾದಿನ ಆಫ್ ಸ್ಪಿನ್ನರ್ ಜಸು ಪಟೇಲ್ ಅವರಿಗೂ ಸಂದಿತು. ಹಿಂದಿನ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಒಂದೇ ಇನಿಂಗ್ಸಿನಲ್ಲಿ ಪಟೇಲ್ 69 ರನ್ನಿಗೆ 9 ವಿಕೆಟ್ ಪಡೆದಿದ್ದರು.

ಅಹಮದಾಬಾದ್ ಮತ್ತು ಸೂರತ್ ಬ್ರಿಟಿಷ್ ಆಡಳಿತದ ಜಿಲ್ಲೆಗಳಾಗಿದ್ದುದರಿಂದ ಆಟಗಾರನನ್ನು ಸಾಕುವ ಅರಮನೆ ಅಲ್ಲಿರಲಿಲ್ಲ. ಅಲ್ಲಿಯ ಕ್ರಿಕೆಟಿಗರನ್ನು ಕೂಡಿಸಿದ ಗುಜರಾತ್ ತಂಡಕ್ಕೆ 1952-53ರಲ್ಲಿ ಬರೋಡಾದ ವಿರುದ್ಧ ಮೊದಲ ರಣಜಿ ಪಂದ್ಯವನ್ನಾಡಿದ ನರಿ ಕಾಂಟ್ರಾಕ್ಟರ್ ಎರಡೂ ಇನಿಂಗ್ಸಿನಲ್ಲಿ ಶತಕ ಬಾರಿಸಿದರು. ಹೊತ್ತು ಬದಲಾದಂತೆ ಸಂಬಳ ಕೊಡುವ ಕೈಯೂ ಬದಲಾಗಿತ್ತು: ಹೇಮು ಅಧಿಕಾರಿ ಭಾರತೀಯ ಸೇನೆಯ ಅಧಿಕಾರಿಯಾಗಿ ಸರ್ವಿಸಸ್ ತಂಡಕ್ಕೆ ಹೋದರು, 1958-59ರಲ್ಲಿ ರೈಲ್ವೇಸ್ ತಂಡ ರಣಜಿ ಟ್ರೋಫಿಗೆ ಕಾಲಿಟ್ಟಾಗ ಕಾಂಟ್ರಾಕ್ಟರ್ ಅದರ ಪರವಾಗಿ ಕಣಕ್ಕಿಳಿದರು.