ಬಿಡದೆ ನಡೆಯುವ ವಿದ್ಯೆ

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ಇಡೀ ಪಾಳಿ ಕೂತೇ ಕಳೆಯುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲಕ್ಕೂ ಕೆಳಕ್ಕೂ ಓಡಾಡಿ, ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಹೃದಯಾಘಾತ ಕಂಡಕ್ಟರ್‌ಗಳಲ್ಲಿ ಕಡಿಮೆ ಎಂದು ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಹೃದಯಕ್ಕೂ ವ್ಯಾಯಾಮಕ್ಕೂ ಇರುವ ನಂಟಿನ ಆಧುನಿಕ ಅಧ್ಯಯನ ಇಲ್ಲಿಂದ ಬೆಳೆಯಿತು.

ಸಂದೇಹವೂ ಜೊತೆಗೇ ಹುಟ್ಟಿತು. ಸಮವಸ್ತ್ರದ ಅಳತೆಗಳನ್ನು ಮಾರಿಸ್ ತೆಗೆದು ನೋಡಿದಾಗ ಡ್ರೈವರ್‌ಗಳ ಸೊಂಟದ ಸುತ್ತಳತೆಯೇ ದೊಡ್ಡದಿತ್ತು. ಹಾಗಾದರೆ ಕಾಪಾಡಿದ್ದು ಮೆಟ್ಟಿಲೋ, ಮೊದಲೇ ಇದ್ದ ಮೈಕಟ್ಟೋ? ಹಾರ್ವರ್ಡ್‌ನ ಹಳೆಯ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ರಾಲ್ಫ್ ಪಾಫೆನ್‌ಬಾರ್ಗರ್ 1978ರಲ್ಲಿ ಈ ಬಗೆಯ ಪ್ರಶ್ನೆಗೆ ತೂಕದ ಉತ್ತರ ಕೊಟ್ಟರು. ಕಾಲೇಜಿನಲ್ಲಿ ಆಟಗಾರನಾಗಿ ಮೆರೆದು ಆಮೇಲೆ ಕೈಬಿಟ್ಟವನಿಗೆ ಹಳೆಯ ಆಟ ರಕ್ಷಣೆ ಕೊಡಲಿಲ್ಲ. ಮೈದಾನಕ್ಕೇ ಇಳಿಯದವನು ಮುಂದೆ ಚಟುವಟಿಕೆ ರೂಢಿಸಿಕೊಂಡಿದ್ದರೆ ಅವನಿಗೆ ಲಾಭ ಸಿಕ್ಕಿತು. ಈ ಕ್ಷೇತ್ರದ ಅತಿ ಮುಖ್ಯ ಪಾಠ ಇದೇ ಎಂದು ನನ್ನ ನಂಬಿಕೆ: ವ್ಯಾಯಾಮವನ್ನು ಕೂಡಿಟ್ಟುಕೊಳ್ಳಲು ಬರುವುದಿಲ್ಲ.

ಅಷ್ಟರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ‘ಏರೋಬಿಕ್ಸ್’ ಪುಸ್ತಕ ಬರೆದು ಜನರನ್ನು ಓಟಕ್ಕೆ ಎಬ್ಬಿಸಿದ್ದರು. 12 ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲಿರಿ ಎಂಬುದು ಅವರ ಪರೀಕ್ಷೆ. ಮುಂದೆ ಈ ಕಟ್ಟುನಿಟ್ಟು ಸಡಿಲವಾಗುತ್ತಾ ಬಂತು. 1995ರ ಅಮೆರಿಕದ ಶಿಫಾರಸು ವಾರದ ಹೆಚ್ಚಿನ ದಿನಗಳಲ್ಲಿ 30 ನಿಮಿಷದ ಬಿರುಸು ನಡಿಗೆಯಂಥ ಶ್ರಮ ಸಾಕೆಂದಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ವಾರಕ್ಕೆ 150 ನಿಮಿಷ ಎಂದಿತು, ಒಂದೊಂದು ಕಂತೂ 10 ನಿಮಿಷವಾದರೂ ಇರಲಿ ಎಂದು ಸೇರಿಸಿತು. 2020ರಲ್ಲಿ ಆ ಕಂತಿನ ನಿಯಮವನ್ನೂ ಕೈಬಿಟ್ಟಿತು. ಎರಡು ಮಹಡಿ ಹತ್ತಿದ್ದೂ ಈಗ ಲೆಕ್ಕಕ್ಕುಂಟು.

ಎಷ್ಟು ಎಂಬುದು ತಿಳಿದ ಮೇಲೆ ಉಳಿದದ್ದು, ಬಿಡದಿರುವುದು ಹೇಗೆ ಎಂಬ ಪ್ರಶ್ನೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೊಸ ಕೆಲಸವೊಂದು ತಾನಾಗಿ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ 18ರಿಂದ 254 ದಿನ. ಒಂದು ದಿನ ತಪ್ಪಿದರೆ ಕೆಟ್ಟದ್ದೇನೂ ಆಗಲಿಲ್ಲ ಎಂಬುದು ಅದರ ಸಾಂತ್ವನ.

ಹೊಸಬರು ಇಷ್ಟು ಹಿಡಿದರೆ ಸಾಕು: ಕಾಫಿ ಲೋಟ ಕೆಳಗಿಟ್ಟ ಕೂಡಲೇ ಚಪ್ಪಲಿ ಬದಲಿಸಿ ಶೂ ಹಾಕಿಕೊಳ್ಳಿ. ಮೊದಲ ವಾರ ಹತ್ತೇ ನಿಮಿಷ. ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲದಿರಬೇಕು. ಆ ವೇಗ ಸರಿಯಾದದ್ದು. ಎದೆನೋವೋ ಹಳೆಯ ಹೃದಯದ ತೊಂದರೆಯೋ ಇದ್ದರೆ ಮೊದಲು ವೈದ್ಯರನ್ನು ಕಾಣಿ. ಮಳೆಗೋ ಮದುವೆಗೋ ಒಂದು ದಿನ ತಪ್ಪಿದರೆ, ಮಾರನೆಯ ದಿನ ಅದೇ ಲೋಟ, ಅದೇ ಶೂ.

ಆ ಕಂಡಕ್ಟರ್ ವ್ಯಾಯಾಮದ ಸಂಕಲ್ಪ ಮಾಡಿದವನಲ್ಲ. ಮೆಟ್ಟಿಲು ಅವನ ದಿನಚರಿಯೊಳಗೇ ಇತ್ತು. ನಮ್ಮ ದಿನಚರಿಯಲ್ಲಿ ಅದಕ್ಕೊಂದು ಜಾಗ ನಾವೇ ಮಾಡಿಕೊಡಬೇಕು.