ನಿಜಲಿಂಗಪ್ಪ: 1969ರ ಆಚೆಗೆ

ದೆಹಲಿ ಬರೆದ ಚರಿತ್ರೆಯಲ್ಲಿ ಎಸ್. ನಿಜಲಿಂಗಪ್ಪನವರು ಬಹುಮಟ್ಟಿಗೆ ಒಂದೇ ವರ್ಷದ ಮನುಷ್ಯರು. ಅವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು. ಪಕ್ಷ ಇಬ್ಭಾಗವಾಯಿತು, 1971ರ ಚುನಾವಣೆಯಲ್ಲಿ ಅವರ ಬಣ ನೆಲಕಚ್ಚಿತು. ರಾಜಧಾನಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಅವರ ಹೆಸರನ್ನು ಕೇಳಿದ್ದರೆ, ಸೋತ ‘ಸಿಂಡಿಕೇಟ್’ನ ಒಬ್ಬ ಹಿರಿಯರೆಂದಷ್ಟೇ ಕೇಳಿರುತ್ತಾರೆ.

ಅವರು ಹುಟ್ಟಿದ್ದು 1902ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ವಕೀಲಿ ನಡೆಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡದ್ದೂ ಅಲ್ಲಿದ್ದಾಗಲೇ. ಸಂವಿಧಾನ ಸಭೆಗೆ ಬಂದದ್ದಾದರೋ ಮುಂಬಯಿ ಪ್ರಾಂತ್ಯದಿಂದ. ಒಂದೇ ಬಾಳಿನಲ್ಲಿ ಮೂರು ಆಡಳಿತಗಳು! ಕನ್ನಡದ ನೆಲ ಹಾಗೆ ಹರಿದು ಹಂಚಿಹೋಗಿತ್ತು. ಅದನ್ನು ಒಂದಾಗಿ ಕಂಡ ಸಂಸ್ಥೆಗಳಲ್ಲಿ ಕಾಂಗ್ರೆಸ್ಸೂ ಒಂದು. 1920ರ ನಾಗಪುರ ಅಧಿವೇಶನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಆಧಾರದಲ್ಲಿ ರಚಿಸಲು ಒಪ್ಪಿದ್ದರಿಂದ, ರಾಜ್ಯ ಹುಟ್ಟುವ ಮೂರೂವರೆ ದಶಕಗಳ ಮೊದಲೇ ಕರ್ನಾಟಕಕ್ಕೆ ತನ್ನದೇ ಪ್ರದೇಶ ಸಮಿತಿ ದೊರೆಯಿತು. ಮುಂದೆ ಅದರ ಅಧ್ಯಕ್ಷರಾದ ನಿಜಲಿಂಗಪ್ಪನವರಿಗೆ ದೇಶದ ಬಿಡುಗಡೆ ಮತ್ತು ನಾಡಿನ ಏಕೀಕರಣ ಒಂದೇ ಕೆಲಸದ ಎರಡು ಭಾಗಗಳಾಗಿದ್ದವು.

ಏಕೀಕರಣವೆಂದರೆ ಹಳೆಯ ಮೈಸೂರಿನ ಹಲವು ನಾಯಕರಿಗೆ ಅಳುಕಿತ್ತು. ಸುವ್ಯವಸ್ಥಿತ ಸಂಸ್ಥಾನವೊಂದು ಹಿಂದುಳಿದ ಸೀಮೆಗಳ ಹೊರೆಯನ್ನೇಕೆ ಹೊರಬೇಕು, ಅಧಿಕಾರದ ತಕ್ಕಡಿ ಎತ್ತ ವಾಲೀತು ಎಂಬುದು ಅವರ ಪ್ರಶ್ನೆ. ಮೈಸೂರಿನೊಳಗೇ ಇದ್ದ ನಿಜಲಿಂಗಪ್ಪನವರು ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಅಂದಿನ ಸಂಭ್ರಮದ ಹಿಂದೆ ದುಸ್ತರವಾದ ಕೆಲಸ ಕಾದಿತ್ತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಕಾನೂನು, ಕಂದಾಯ ಪದ್ಧತಿ, ವೇತನ ಶ್ರೇಣಿಗಳನ್ನು ಹೊಂದಿಸಬೇಕಿತ್ತು. ಐದೂ ಕಡೆಯ ನೌಕರರಿಗೆ ಒಂದೇ ಸೇವಾ ಹಿರಿತನದ ಪಟ್ಟಿ ಸಿದ್ಧಪಡಿಸುವುದೆಂದರೇನೆಂದು ಸರ್ಕಾರಿ ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾಡಗೀತೆ ಹಾಡುವುದು ಸುಲಭ. ನಾಡನ್ನು ಒಂದು ಕಚೇರಿಯಾಗಿಸುವುದು ಕಷ್ಟ. ಆ ಕೆಲಸ ಪೂರ್ಣವಾಗಲೂ ಇಲ್ಲ. ಕಾಸರಗೋಡು ಹೊರಗೇ ಉಳಿಯಿತು.

2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಅವರು ತೀರಿಕೊಂಡರು. ಅವರ ಬಣ 1977ರಲ್ಲೇ ಜನತಾ ಪಕ್ಷದಲ್ಲಿ ಕರಗಿತ್ತು. ಅವರು ಕಟ್ಟಲು ದುಡಿದ ರಾಜ್ಯ ಮಾತ್ರ ಉಳಿದಿದೆ. ಪ್ರಾದೇಶಿಕ ನಾಯಕನನ್ನು ದೆಹಲಿಯ ಸೋಲುಗೆಲುವಿನಿಂದಲೇ ಅಳೆಯುವುದಾದರೆ ನಾವು ಆಚರಿಸುವ ರಾಜ್ಯೋತ್ಸವಕ್ಕೆ ಅರ್ಥವೇನು? ಹೊರನಾಡಿನ ನಮ್ಮ ಮಕ್ಕಳಿಗೆ 1969ರ ಕಥೆಯನ್ನು ಹೇಳೋಣ. ಅದಕ್ಕೂ ಮೊದಲು 1956ರ ಕಥೆಯನ್ನು ಹೇಳೋಣ.