ಪಟ್ಟಿಯೊಳಗಿನ ಬನವಾಸಿ

ಕನ್ನಡ ನಾಡಿನ ಪ್ರಾಚೀನತೆಯ ಮಾತು ಬಂದಾಗಲೆಲ್ಲ ಟಾಲೆಮಿಯ ಹೆಸರು ಬರುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದ ಆ ಗ್ರೀಕ್ ವಿದ್ವಾಂಸ ಬನವಾಸಿಯನ್ನು ಹೆಸರಿಸಿದ್ದಾನೆಂದು ತರಗತಿಯಲ್ಲಿ ನಾನೂ ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೇಳಿ, ಹುಡುಗರ ಮುಖದಲ್ಲಿ ಕೊಂಚ ಹೆಮ್ಮೆ ಮೂಡುವುದನ್ನು ನೋಡಿ, ಮುಂದಿನ ಪುಟಕ್ಕೆ ಹೋಗಿಬಿಡುವುದು ರೂಢಿ. ಈಚೆಗೆ ಗಣಕವಿಜ್ಞಾನ ಓದುವ ಹುಡುಗನೊಬ್ಬ, ಕನ್ನಡ ಅವನಿಗೆ ಭಾಷಾವಿಷಯ ಅಷ್ಟೆ, ಎದ್ದು ನಿಂತು, “ಹೆಸರಿಸಿದ್ದಾನೆ ಸರಿ ಸಾರ್, ಎಲ್ಲಿ ಇಟ್ಟಿದ್ದಾನೆ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕಿಕೊಂಡು ಹೋದ ಕಥೆ.

ಟಾಲೆಮಿ ಅಲೆಕ್ಸಾಂಡ್ರಿಯದಲ್ಲಿದ್ದವನು. ಸುಮಾರು ಕ್ರಿ.ಶ. 150ರಲ್ಲಿ ಅವನು ಬರೆದ ಭೂಗೋಳ ಗ್ರಂಥದಲ್ಲಿ ಎಂಟು ಭಾಗಗಳಿವೆ. ಮೊದಲನೆಯದು ಶಾಸ್ತ್ರ, ಎರಡರಿಂದ ಏಳರವರೆಗೆ ಬಹುಪಾಲು ಬರಿಯ ಪಟ್ಟಿ. ಊರು, ನದೀಮುಖ, ಬೆಟ್ಟ, ಭೂಶಿರ ಎಲ್ಲ ಸೇರಿ ಸುಮಾರು 8000 ಹೆಸರುಗಳು. ಅವುಗಳಲ್ಲಿ 6000ಕ್ಕೂ ಮಿಕ್ಕವುಗಳ ಮುಂದೆ ಎರಡೆರಡು ಸಂಖ್ಯೆಗಳು, ರೇಖಾಂಶ ಮತ್ತು ಅಕ್ಷಾಂಶ. ರೇಖಾಂಶದ ಎಣಿಕೆ ಆಗ ತಿಳಿದಿದ್ದ ಲೋಕದ ಪಶ್ಚಿಮದ ತುದಿಯಾದ ಅಟ್ಲಾಂಟಿಕ್ ದ್ವೀಪಗಳಿಂದ ಆರಂಭ. ಕಥೆಯಿಲ್ಲ, ವರ್ಣನೆಯಿಲ್ಲ. ಪಂಪ ಹಂಬಲಿಸಿದ ಬನವಾಸಿ ಇಲ್ಲಿ ಒಂದು ಸಾಲು ಮಾತ್ರ: ಹೆಸರು, 116, 16¾.

ಇಂಥ ನೀರಸ ಗ್ರಂಥವನ್ನು ಯಾಕೆ ಬರೆದ? ಕಾರಣವನ್ನು ಅವನೇ ಹೇಳುತ್ತಾನೆ. ಚಿತ್ರವನ್ನು ನೋಡಿ ಚಿತ್ರ ಬರೆಯುತ್ತ ಹೋದರೆ ಪ್ರತಿಯಿಂದ ಪ್ರತಿಗೆ ಗೆರೆ ಸ್ವಲ್ಪಸ್ವಲ್ಪವೇ ಜಾರುತ್ತದೆ. ಕೊನೆಗೆ ಮೂಲಕ್ಕೂ ಅದಕ್ಕೂ ಸಂಬಂಧವೇ ಉಳಿಯುವುದಿಲ್ಲ. ಆದ್ದರಿಂದ ನಕ್ಷೆಯನ್ನು ಕೊಡುವ ಬದಲು ನಕ್ಷೆ ಬರೆಯಲು ಬೇಕಾದ ಅಂಕೆಗಳನ್ನೇ ಬರಹದಲ್ಲಿ ಕೊಟ್ಟರೆ, ಯಾರು ಬೇಕಾದರೂ, ಯಾವ ಕಾಲದಲ್ಲಾದರೂ ಅದನ್ನು ಓದಿ ಹೊಸದಾಗಿ ನಕ್ಷೆ ಬರೆದುಕೊಳ್ಳಬಹುದು. ಇಂದು ಗಣಕದ ಹುಡುಗರು ಬಿಂದುಗಳ ಸ್ಥಾನವನ್ನು ಸಾಲುಸಾಲಾಗಿ ಪಠ್ಯಕಡತದಲ್ಲಿ ಬರೆದಿಟ್ಟು ಪ್ರೋಗ್ರಾಮಿನಿಂದ ಓದಿಸುತ್ತಾರಲ್ಲ, ಉಪಾಯ ಅದೇ.

ಉಪಾಯ ಫಲಿಸಿತೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಸುಮಾರು 1295ರಲ್ಲಿ, ಕಾನ್‌ಸ್ಟಾಂಟಿನೋಪಲ್ಲಿನ ಮ್ಯಾಕ್ಸಿಮಸ್ ಪ್ಲನೂಡೀಸ್ ಎಂಬ ಸಂನ್ಯಾಸಿ ಬಹುಕಾಲ ಹುಡುಕಿ ಈ ಗ್ರಂಥದ ಪ್ರತಿಯೊಂದನ್ನು ಸಂಪಾದಿಸಿದ. ಅದರಲ್ಲಿ ನಕ್ಷೆಗಳಿರಲಿಲ್ಲ. ಪಟ್ಟಿಯ ಅಂಕೆಗಳಿಂದಲೇ ಆಗ ನಕ್ಷೆಗಳನ್ನು ಮತ್ತೆ ರಚಿಸಲಾಯಿತೆಂದು ಅನೇಕ ವಿದ್ವಾಂಸರ ಮತ. ಸಿಕ್ಕಿದ ಸಂತೋಷಕ್ಕೆ ಆತ ಪದ್ಯವನ್ನೂ ಬರೆದನಂತೆ. ತಾಳೆಯೋಲೆಯ ಕಟ್ಟು ಬಿಚ್ಚಿದವರಿಗೆ ಆ ಸಂತೋಷ ಎಂಥದೆಂದು ಹೇಳಬೇಕಾಗಿಲ್ಲ.

ಪ್ಲನೂಡೀಸ್ ಮಾಡಿದ್ದನ್ನು ನಾವೂ ಮಾಡೋಣವೆಂದು ಆ ಹುಡುಗ ಹಟ ಹಿಡಿದ. ದಕ್ಷಿಣಾಪಥದ ಕೆಲವು ಊರುಗಳನ್ನು ನಾನು ಕಡತದಲ್ಲಿ ಬೆರಳಚ್ಚು ಮಾಡಿದೆ. ಅವನು ಓದುವ ಪ್ರೋಗ್ರಾಮನ್ನು ಬರೆದ: ಸಾಲಿನ ಮೊದಲ ಪದ ಹೆಸರು, ಮುಂದಿನ ಎರಡು ಸಂಖ್ಯೆಗಳು ರೇಖಾಂಶ, ಅಕ್ಷಾಂಶ, ನಡುವೆ ಬಿಡುವು.

ತೆರೆಯ ಮೇಲೆ ಬಂದ ನಕ್ಷೆಯನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಟ್ಟದಕಲ್ಲೆಂದು ಕೆಲವರು ಗುರುತಿಸಿರುವ ಪೆತಿರ್ಗಲ, ರಾಜಧಾನಿ ಹಿಪ್ಪೊಕೂರ, ಎರಡೂ ಸಮಭಾಜಕ ವೃತ್ತದ ಹತ್ತಿರ ಸಮುದ್ರದಲ್ಲಿ ಮುಳುಗಿದ್ದವು! ತಪ್ಪು ನನ್ನದೇ. ಗ್ರೀಕರು ಅಂಶದ ಭಾಗಗಳನ್ನು ಒಡೆದು ಬರೆಯುತ್ತಿದ್ದರು. ಮುಕ್ಕಾಲು ಎನ್ನಲು ಅರೆ, ಕಾಲು ಎಂದು ಎರಡು ಗುರುತು. ಮೂಲನಿಷ್ಠೆಯ ಉತ್ಸಾಹದಲ್ಲಿ ನಾನೂ ಹಾಗೆಯೇ ಪೆತಿರ್ಗಲದ ಮುಂದೆ 117 1/2 1/4 17 1/4 ಎಂದು ಬರೆದಿದ್ದೆ. ಯಂತ್ರ 117ನ್ನು ಓದಿತು. ಮುಂದೆ 1ನ್ನು ಓದಿ, ಓರೆಗೆರೆ ಕಂಡು ಅಲ್ಲಿಗೇ ನಿಂತು, ಅದನ್ನೇ ಅಕ್ಷಾಂಶವೆಂದು ಬಗೆಯಿತು.

ಇವು ಕಣ್ಣಿಗೆ ಹೊಡೆಯುವ ತಪ್ಪುಗಳು; ಇವುಗಳಿಂದ ಅಪಾಯವಿಲ್ಲ. ಅಪಾಯವಿದ್ದದ್ದು ಬನವಾಸಿಯಲ್ಲಿ. ಅದರ ರೇಖಾಂಶಕ್ಕೆ ಭಿನ್ನರಾಶಿಯಿಲ್ಲ. ಆದ್ದರಿಂದ ಯಂತ್ರ 116, 16 ಎಂದು ಓದಿ, ಉಳಿದ ಮುಕ್ಕಾಲನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಮುಕ್ಕಾಲು ಅಂಶವೆಂದರೆ ಸುಮಾರು 80 ಕಿಲೋಮೀಟರ್. ನಿಜವಾದ ಬನವಾಸಿ ಇರುವುದು ಸುಮಾರು 14½ ಅಂಶದಲ್ಲಿ. ಅಂದರೆ ಓದಿನ ತಪ್ಪು ಊರನ್ನು ನಿಜಸ್ಥಾನದ ಹತ್ತಿರಕ್ಕೆ ತಂದಿತ್ತು! ಪೆತಿರ್ಗಲವನ್ನು ಮೇಲೆತ್ತಲು ಅವಸರಪಟ್ಟ ನಾನು ಬನವಾಸಿಯನ್ನು ನೋಡಿ, “ಭಲೆ ಟಾಲೆಮಿ, ಎಷ್ಟು ಹತ್ತಿರ ಬಂದಿದ್ದಾನೆ” ಎಂದು ಹಿಗ್ಗಿದೆ. ಆ ಸಾಲನ್ನು ಮೂಲದೊಡನೆ ತಾಳೆನೋಡಲು ಮನಸ್ಸೇ ಬರಲಿಲ್ಲ. ನೋಡಿದವನು ಹುಡುಗ.

ಅಂದು ರಾತ್ರಿ ನನಗೆ ನಮ್ಮ ಗ್ರಂಥಸಂಪಾದನೆಯ ಪಾಠ ನೆನಪಾಯಿತು. ಹೊಟ್ಟೆಯ ಸೀಳು ಮಾಸಿದರೆ ‘ಧ’ಕಾರ ‘ದ’ಕಾರವಾಗುತ್ತದೆ, ಗ್ರೀಕರ ಅಕ್ಷರಸಂಖ್ಯೆಗಳಲ್ಲಿ 1, 4, 30 ಇವುಗಳ ದೊಡ್ಡಕ್ಷರಗಳೂ ಹಾಗೆಯೇ ಒಂದನ್ನೊಂದು ಹೋಲುತ್ತವೆ. ಲಿಪಿಕಾರನ ಕೈತಪ್ಪನ್ನು ಪಾಠಾಂತರಗಳಿಂದ ಹಿಡಿಯಬಹುದು. ಆದರೆ ನಮಗೆ ಪ್ರಿಯವಾದ ಪಾಠವೇ ಶುದ್ಧಪಾಠವೆಂದು ನಂಬುವ ಸಂಪಾದಕನ ತಪ್ಪನ್ನು ಹಿಡಿಯುವವರು ಯಾರು?

ಹೆಸರು, ರೇಖಾಂಶ, ಅಕ್ಷಾಂಶಗಳ ನಡುವೆ ಅಲ್ಪವಿರಾಮವಿಟ್ಟು, ಭಿನ್ನರಾಶಿಗಳನ್ನು ಕೂಡಿಸುವಂತೆ ಪ್ರೋಗ್ರಾಮನ್ನು ತಿದ್ದಿದೆವು. ಬನವಾಸಿ ಉತ್ತರಕ್ಕೆ ಸರಿದು ತನ್ನ 16¾ರಲ್ಲಿ ನಿಂತಿತು. ಅನಂತರ ಸೇರಿಸಿದ ಭರುಕಚ್ಛಕ್ಕೂ ಅದಕ್ಕೂ ಅಕ್ಷಾಂಶದಲ್ಲಿ ಒಂದು ಅಂಶದ ಅಂತರವೂ ಇಲ್ಲ. ನಿಜಕ್ಕೆ ಏಳು ಅಂಶಗಳಿವೆ. ಟಾಲೆಮಿಯ ಭಾರತದಲ್ಲಿ ಪಶ್ಚಿಮ ಕರಾವಳಿ ದಕ್ಷಿಣಕ್ಕೆ ಇಳಿಯದೆ ಪೂರ್ವಕ್ಕೆ ಓಡುತ್ತದೆ, ಸಿಂಹಳವೋ ಬೃಹದಾಕಾರ. ನಾವಿಕರ, ವರ್ತಕರ ಮಾತು ಕೇಳಿ ಬರೆದವನ ತಪ್ಪುಗಳಿವು. ಅವನ ತಪ್ಪು ಅವನದಾಗಿಯೇ ಉಳಿದರೆ ಅದೂ ಒಂದು ಚಾರಿತ್ರಿಕ ಸಾಕ್ಷ್ಯ: ಅಲೆಕ್ಸಾಂಡ್ರಿಯದ ವಿದ್ವಾಂಸನಿಗೆ ನಮ್ಮ ನಾಡು ಎಷ್ಟು ತಿಳಿದಿತ್ತು, ಎಷ್ಟು ತಿಳಿದಿರಲಿಲ್ಲ ಎಂಬುದಕ್ಕೆ. ನಮ್ಮ ಅಭಿಮಾನದಿಂದ ಅದನ್ನು ತಿದ್ದಿದರೆ ಉಳಿಯುವುದು ನಮ್ಮ ಅಭಿಮಾನ ಮಾತ್ರ.

ಈ ವರ್ಷ ತರಗತಿಯಲ್ಲಿ ಬನವಾಸಿಯ ಮಾತು ಬಂದಾಗ ಕಪ್ಪುಹಲಗೆಯ ಮೇಲೆ ಎರಡೂ ಅಂಕೆಗಳನ್ನು ಬರೆದೆ, ಅವನದು 16¾, ನಮ್ಮದು 14½. ಹುಡುಗರ ಮುಖದಲ್ಲಿ ಹೆಮ್ಮೆ ಮೂಡಿತೋ ಇಲ್ಲವೋ ಗಮನಿಸಲಿಲ್ಲ. ಕೈಗಳು ಮಾತ್ರ ನಾಲ್ಕಾರು ಮೇಲೆದ್ದವು.